ಬುಶೋನ್ ಊಟಕ್ಕೆ ಹೋಗಲಾ ಎಂದು ಕೇಳಿದ ತಂಗಿಗೆ

ತಂಗಿ, ಲ್ಯಾಬಿನವರು ಹಳೇ ಲಿಯೋನ್‌ನ ಬುಶೋನ್ ಒಂದಕ್ಕೆ, ಅಂದರೆ ಈ ಫ್ರೆಂಚ್ ಊರಿನ ಸಾಂಪ್ರದಾಯಿಕ ಅಡುಗೆಯ ಹೋಟೆಲಿಗೆ, ರಾತ್ರಿ ಊಟಕ್ಕೆ ಕರೆದಿದ್ದಾರೆ, ಮೊಟ್ಟೆ ಆಗುತ್ತದೆ, ಮಾಂಸ ಮೀನು ಆಗೋದಿಲ್ಲ, ಹೋಗಲಾ ಅಕ್ಕ ಎಂದು ಕೇಳಿದ್ದೀಯ. ಧಾರಾಳವಾಗಿ ಹೋಗು. ಖರ್ಚಿನ ಚಿಂತೆ ಇದ್ದರೆ ಬಾಗಿಲ ಹೊರಗೇ ಬೆಲೆ ಪಟ್ಟಿ ಹಾಕಿರುತ್ತಾರೆ, ಮೊದಲೇ ನೋಡಿಕೊ. ಬಟ್ಟೆ ಯಾವುದಾದರೂ ನಡೆಯುತ್ತದೆ. ಒಳಗೆ ಕಾಲಿಟ್ಟ ಕೂಡಲೇ 'ಬೋನ್ಸ್ವಾರ್' (ಶುಭ ಸಂಜೆ) ಅನ್ನು. ಅದೊಂದು ಹೇಳದಿದ್ದರೆ ಮಿಕ್ಕ ಮರ್ಯಾದೆಯೆಲ್ಲ ವ್ಯರ್ಥ.

ಊಟದ ವಿಷಯ ಮಾತ್ರ ಸ್ವಲ್ಪ ಗಮನವಿಟ್ಟು ಕೇಳು. ರೇಷ್ಮೆ ನೇಯುವವರು ದುಡಿದ ಊರು ಇದು. ಅವರ ಊಟದಲ್ಲಿ ಹಂದಿ, ದನದ ಕರುಳು ಹೊಟ್ಟೆ ಯಾವುದನ್ನೂ ಎಸೆಯುತ್ತಿರಲಿಲ್ಲ. ಬುಶೋನ್ ಅಡುಗೆ ಇವತ್ತಿಗೂ ಅದೇ ದಾರಿ. ಲಿಯೋನ್ ಸಲಾಡ್ ಅಂದರೆ ಸೊಪ್ಪಿನ ಜೊತೆ ಹಂದಿ ಮಾಂಸದ ಚೂರು, ಮೇಲೊಂದು ಬೇಯಿಸಿದ ಮೊಟ್ಟೆ. ಕೆನೆಲ್ ನೋಡಲು ನಮ್ಮ ಕಡುಬಿನ ಹಾಗೆ ಮೆತ್ತಗೆ ಉಬ್ಬಿರುತ್ತದೆ, ಒಳಗೆ ಅರೆದ ಮೀನು. ಮೀನಿಲ್ಲದ ಕೆನೆಲ್ ಕೂಡ ಉಂಟು. ಆದರೆ ಅದರ ಮೇಲೆ ಸುರಿಯುವ ನಾಂತುವಾ ಸಾಸ್ ಸಿಹಿನೀರ ಸಿಗಡಿಯದ್ದು!

ನಾನು ಬಂದ ಹೊಸತರಲ್ಲಿ ಒಂದು ಕಡೆ 'ಮಾಂಸ ಬೇಡ' ಎಂದೆ. ಚೂರುಗಳನ್ನು ಆರಿಸಿ ತೆಗೆದು ಅದೇ ತಟ್ಟೆ ತಂದಿಟ್ಟರು. ಎಲೆಗಳ ಮೇಲೆ ಕೊಬ್ಬಿನ ಹೊಳಪು ಹಾಗೇ ಇತ್ತು. ಪಾಪ, ಅವರಿಗೆ ಕೆಟ್ಟ ಮನಸ್ಸಿರಲಿಲ್ಲ. ಬೇರೆ ಸೌಟು, ಬೇರೆ ಪಾತ್ರೆ ಅನ್ನುವುದೆಲ್ಲ ಇಲ್ಲಿ ಯಾರಿಗೆ ಗೊತ್ತು? ಅದಕ್ಕೇ ಲ್ಯಾಬಿನ ಯಾರಿಂದಲಾದರೂ ಮೊದಲೇ ಫೋನ್ ಮಾಡಿಸು. ಹಂದಿ, ಮೀನು, ಮಾಂಸ ಬೇಯಿಸಿದ ನೀರು, ಒಂದೊಂದನ್ನೂ ಹೆಸರಿಟ್ಟು ಹೇಳಲಿ. ಸೆರ್ವೆಲ್ ದ ಕಾನ್ಯೂ ಎಂಬ ಸೊಪ್ಪು, ಬೆಳ್ಳುಳ್ಳಿ ಕಲಸಿದ ಹಸಿ ಚೀಸ್ ಸಿಗುತ್ತದೆ. ಕೆನೆಯಲ್ಲಿ ಬೆಂದ ಆಲೂಗಡ್ಡೆ, ಗುಲಾಬಿ ಬಣ್ಣದ ಬಾದಾಮಿ ಟಾರ್ಟ್ ಇರುತ್ತವೆ. ಹೊಟ್ಟೆ ತುಂಬುತ್ತದೆ ಬಿಡು. ಬಾಣಲೆ ಯಾವುದು ಎಂದು ಮಾತ್ರ ಮೇಜಿನಲ್ಲಿ ಕೂತು ವಿಚಾರಿಸಬೇಡ. ಎಲ್ಲಿಯವರೆಗೆ ಸರಿ ಎಂದು ಮನೆಯಲ್ಲೇ ತೀರ್ಮಾನ ಮಾಡಿಕೊಂಡು ಹೊರಡು.

ಅಮ್ಮ ಬಂದಿದ್ದಾಗ ಅವರ ತೀರ್ಮಾನ ಬೇರೆಯಿತ್ತು. ಫೂರ್ವಿಯೇರ್ ಗುಡ್ಡ ಹತ್ತಿದರು, ಮನೆಗಳ ಹೊಟ್ಟೆಯೊಳಗೆ ನುಗ್ಗಿ ಹೋಗುವ ಟ್ರಾಬೂಲ್ ಓಣಿಗಳನ್ನು ಮಗುವಿನ ಹಾಗೆ ನೋಡಿದರು. ಊಟದ ಹೊತ್ತಿಗೆ ಸೋನ್ ನದಿಯ ಪಕ್ಕ ಬೆಂಚಿನಲ್ಲಿ ಕೂತು ಅವಲಕ್ಕಿ ಡಬ್ಬಿ ಬಿಚ್ಚಿದರು. ನಾನು ಒತ್ತಾಯ ಮಾಡಲಿಲ್ಲ. ಮಾಡಿದ್ದರೂ ಅವರು ಒಪ್ಪುತ್ತಿರಲಿಲ್ಲ. ಈಗ ಅಷ್ಟು ದೂರದ ಪ್ರಯಾಣ ಅವರ ಕೈಲಾಗದು. ನಾನು ಬದುಕು ಕಟ್ಟಿಕೊಂಡ ಊರಿನ ಒಂದು ಮೇಜಿಗೂ ಅಮ್ಮ ಕೂರಲಿಲ್ಲವಲ್ಲ ಎಂಬ ಕೊರಗು ಹೋಗುವುದಿಲ್ಲ, ನೋಡು.

ವೈನ್ ಬೇಡದಿದ್ದರೆ ಸುಮ್ನೆ ಬೇಡ ಅನ್ನು, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ದಪ್ಪ ತಳದ 46 ಸೆಂಟಿಲೀಟರಿನ ಬಾಟಲಿ ಮೇಜಿಗೆ ಬರುತ್ತದೆ, ಕುಡಿಯುವವರು ಕುಡಿಯಲಿ. ನಲ್ಲಿ ನೀರಿನ ಜಗ್, ಬ್ರೆಡ್ ಎರಡಕ್ಕೂ ದುಡ್ಡಿಲ್ಲ. ಕೇಳುವವರೆಗೆ ಬಿಲ್ ತರುವುದಿಲ್ಲ, ಅದು ಉದಾಸೀನ ಅಲ್ಲ. ಸರ್ವಿಸ್ ಚಾರ್ಜ್ ಬೆಲೆಯಲ್ಲೇ ಸೇರಿದೆ. ಕರೆದವರೇ ಕೊಡುತ್ತಾರೆ ಎಂದು ನಮ್ಮೂರ ಲೆಕ್ಕ ಹಾಕಬೇಡ, ಕಾರ್ಡ್ ಇಟ್ಟುಕೊಂಡಿರು. ಮತ್ತೆ ಆ ರಸ್ತೆಗಳೆಲ್ಲ ಕಲ್ಲು ಹಾಸಿದವು, ಹೀಲ್ಸ್ ಹಾಕಿಕೊಂಡು ಹೋಗಬೇಡ.