ಎಣ್ಣೆ ತೆಗೆದರೂ ನೀರೇಕೆ ಹಾಲಿನಂತಿದೆ?

ಪ್ರಶ್ನೆ: ತೈಲಬಾವಿಯ ನೀರು ಎಣ್ಣೆ ಬೇರ್ಪಡಿಸುವ ಸೆಪರೇಟರ್ ದಾಟಿದ ಮೇಲೂ ಹಾಲಿನಂತೆ ಮಸುಕಾಗಿರುತ್ತದೆ. ಆಲಂ (ಪಟಿಕ) ಹೆಚ್ಚಿಸಿದರೆ ಇನ್ನೂ ಕೆಡುತ್ತದೆ. ಏನು ಮಾಡುವುದು?

ಉತ್ತರ: ಗುರುತ್ವದ ಸೆಪರೇಟರ್‌ನಲ್ಲಿ ಸುಮಾರು 150 ಮೈಕ್ರಾನ್‌ಗಿಂತ (0.15 ಮಿಲಿಮೀಟರ್) ದಪ್ಪ ಎಣ್ಣೆಹನಿಗಳಷ್ಟೇ ಮೇಲೆ ಬರುತ್ತವೆ. ನಿಮ್ಮಲ್ಲಿ ಉಳಿದಿರುವುದು ಎಮಲ್ಷನ್, ಅಂದರೆ ನೀರಿನಲ್ಲಿ ಬೇರ್ಪಡದೆ ಹರಡಿದ ಸಣ್ಣ ಎಣ್ಣೆಹನಿಗಳು. ಮೊದಲು ಪಂಪ್ ನೋಡಿ. ಸೆಪರೇಟರ್‌ಗೆ ಮುಂಚೆ ವೇಗದ ಸೆಂಟ್ರಿಫ್ಯೂಗಲ್ ಪಂಪ್ ಅಥವಾ ಅರೆ ಮುಚ್ಚಿದ ವಾಲ್ವ್ ಇದ್ದರೆ ಅದುವೇ ಎಣ್ಣೆಹನಿಗಳನ್ನು ಚೂರುಚೂರು ಮಾಡುತ್ತಿರುತ್ತದೆ. ಅಲ್ಲಿ ಸ್ಕ್ರೂ ಪಂಪ್ ಒಳ್ಳೆಯದು.

ಎಣ್ಣೆಹನಿಗೆ ಋಣ ವಿದ್ಯುದಂಶವಿದೆ, ಆಲಂ ಅದನ್ನು ತಟಸ್ಥಗೊಳಿಸುತ್ತದೆ. ಅತಿಯಾದರೆ ಹನಿ ಧನವಾಗಿ ಮತ್ತೆ ಒಂದನ್ನೊಂದು ದೂಡುತ್ತದೆ. ಆದ್ದರಿಂದ ಅಂದಾಜಿನಲ್ಲಿ ಸುರಿಯಲೇಬೇಡಿ. ಒಂದೊಂದು ಲೀಟರಿನ ಆರು ಬೀಕರ್‌ಗಳಲ್ಲಿ 10ರಿಂದ 60 ಮಿಲಿಗ್ರಾಂವರೆಗೆ ಆಲಂ ಹಾಕಿ, ಪಿಎಚ್ 6ರಿಂದ 7.5ರೊಳಗಿರಲಿ. ಒಂದು ನಿಮಿಷ ಜೋರಾಗಿ, 15 ನಿಮಿಷ ಮೆಲ್ಲಗೆ ಕಲಕಿ ಅರ್ಧ ಗಂಟೆ ಬಿಡಿ. ಕಂದು ಕೆನೆಯ ಕೆಳಗೆ ನೀರು ತಿಳಿಯಾಗಿರುವ ಬೀಕರ್‌ಗಳಲ್ಲಿ ಅತಿ ಕಡಿಮೆ ಪ್ರಮಾಣದ್ದನ್ನೇ ಆರಿಸಿ. ಯಾವುದೂ ತಿಳಿಯಾಗದಿದ್ದರೆ ಪ್ರಮಾಣದ ವ್ಯಾಪ್ತಿ ಬದಲಿಸಿ.

ನಂತರ ನೀರನ್ನು ಗಾಳಿಗುಳ್ಳೆಯ ತೇಲು ತೊಟ್ಟಿಗೆ ಬಿಡಿ; ಅಲ್ಲಿ ಸಣ್ಣ ಗುಳ್ಳೆಗಳು ಎಣ್ಣೆಯ ಗರಣೆಯನ್ನು (ಆಲಂನಿಂದ ಕೂಡಿಕೊಂಡ ಮುದ್ದೆಗಳನ್ನು) ಮೇಲಕ್ಕೆ ತೇಲಿಸುತ್ತವೆ. ತೊಟ್ಟಿಯಿಂದ ತೆಗೆದು ಗಾಳಿ ಕರಗಿಸಿ ಮತ್ತೆ ಒಳಬಿಡುವ ಮರುಸುತ್ತಿನ ನೀರಿಗೆ 4–6 ಬಾರ್ ಒತ್ತಡ ಬೇಕು. ನಳಿಕೆಯ ಬಾಯಲ್ಲಿ ನೀರು ನೊರೆಹಾಲಿನಂತೆ ಕಂಡರೆ ಸರಿ. ಕಣ್ಣಿಗೆ ಕಾಣುವಷ್ಟು ದಪ್ಪ ಗುಳ್ಳೆಗಳು ಗರಣೆಯನ್ನೇ ಒಡೆಯುತ್ತವೆ.

ತಿಳಿನೀರೆಂದು ನಂಬಬೇಡಿ: ಕರಗಿದ ಬೆಂಜೀನ್ ಎಂಬ ವಿಷಕಾರಿ ರಾಸಾಯನಿಕ ಅದರಲ್ಲೇ ಇರುತ್ತದೆ. ಅದನ್ನು ಹೀರಿ ತೆಗೆಯಲು ಸಕ್ರಿಯ ಇಂಗಾಲ (ತುಂಬ ರಂಧ್ರಗಳಿರುವ ಇದ್ದಿಲು) ಬೇಕು. ಆದರೆ ಎಣ್ಣೆ ಉಳಿದ ನೀರನ್ನು ಅದಕ್ಕೆ ಬಿಟ್ಟರೆ ರಂಧ್ರಗಳು ಬೇಗ ಕಟ್ಟಿಕೊಳ್ಳುತ್ತವೆ. ಉಪ್ಪು ಇವುಗಳಲ್ಲಿ ಯಾವುದರಿಂದಲೂ ಹೋಗದು.