ಸಂತ ತೋಮಸರು ಕೇರಳಕ್ಕೆ ಬಂದದ್ದು ಸಾಬೀತಾಗಿದೆಯೇ?

ಪ್ರಶ್ನೆ: ಯೇಸುವಿನ ಶಿಷ್ಯ ಸಂತ ತೋಮಸರು ಕ್ರಿ.ಶ. 52ರಲ್ಲಿ ಕೊಡುಂಗಲ್ಲೂರಿಗೆ ಬಂದಿಳಿದು, 72ರಲ್ಲಿ ಮೈಲಾಪುರದಲ್ಲಿ ಹತರಾದರು ಎನ್ನುತ್ತಾರೆ. ಗೊಂಡೋಫರ್ನೀಸ್ ರಾಜನ ನಾಣ್ಯಗಳು ಸಿಕ್ಕ ಮೇಲೆ ಇದು ಸಾಬೀತಾದಂತೆಯೇ ಅಲ್ಲವೇ?

ಉತ್ತರ: ಪ್ರತಿ ವರ್ಷ ಜುಲೈ 3ರ ಹಬ್ಬದ ಆಸುಪಾಸಿನಲ್ಲಿ ಈ ಪ್ರಶ್ನೆ ಬರುತ್ತದೆ, ಪ್ರತಿ ಸಲವೂ ಆ ನಾಣ್ಯವನ್ನೇ ಸಾಕ್ಷಿಗೆ ಕರೆದಿರುತ್ತಾರೆ. ಆದ್ದರಿಂದ ನಾಣ್ಯದಿಂದಲೇ ತೊಡಗುತ್ತೇನೆ.

ತೋಮಸರ ಭಾರತಯಾತ್ರೆಯನ್ನು ವಿಸ್ತಾರವಾಗಿ ಹೇಳುವ ಅತಿ ಹಳೆಯ ಗ್ರಂಥ ‘ತೋಮನ ಕೃತ್ಯಗಳು’. ಅದು ಮೂರನೆಯ ಶತಮಾನದ ಆರಂಭದಲ್ಲಿ, ಬಹುಶಃ ಎಡೆಸ್ಸಾ ನಗರದಲ್ಲಿ (ಇಂದಿನ ಟರ್ಕಿಯ ಉರ್ಫಾ), ಸಿರಿಯಾಕ್ ಭಾಷೆಯಲ್ಲಿ ರಚಿತವಾದದ್ದು. ಅಲ್ಲಿ ತೋಮಸರು ಅರಮನೆ ಕಟ್ಟಿಕೊಡುವುದಾಗಿ ರಾಜ ಗೂಂಡಾಫರನಿಂದ (ನೀವು ಹೇಳಿದ ಗೊಂಡೋಫರ್ನೀಸ್ ಇವನೇ) ಹಣ ಪಡೆದು, ಅದನ್ನೆಲ್ಲ ಬಡವರಿಗೆ ಹಂಚಿ, ಅರಮನೆ ಸ್ವರ್ಗದಲ್ಲಿ ಸಿದ್ಧವಾಗಿದೆ ಎನ್ನುತ್ತಾರೆ. ಈ ರಾಜನೇ ಕಲ್ಪನೆಯೆಂದು ಭಾವಿಸಿದ್ದ ಕಾಲದಲ್ಲಿ, 19ನೆಯ ಶತಮಾನದಲ್ಲಿ, ಒಂದು ಬದಿಗೆ ಗ್ರೀಕ್, ಇನ್ನೊಂದು ಬದಿಗೆ ಖರೋಷ್ಠಿ ಲಿಪಿಯಲ್ಲಿ ಅವನ ಹೆಸರಿರುವ ನಾಣ್ಯಗಳು ದೊರೆತವು. ಇಂದಿನ ಪಾಕಿಸ್ತಾನದ ತಖ್ತ್-ಇ-ಬಾಹಿಯಲ್ಲಿ ಸಿಕ್ಕ ಶಾಸನದ ಪ್ರಕಾರ ಅವನ ಆಳ್ವಿಕೆಯ 26ನೆಯ ವರ್ಷವನ್ನು ಸಾಮಾನ್ಯವಾಗಿ ಕ್ರಿ.ಶ. 46 ಎಂದು ಎಣಿಸುತ್ತಾರೆ. ಅಂದರೆ ರಾಜ ನಿಜ, ಕಾಲವೂ ಹೊಂದುತ್ತದೆ. ಅಷ್ಟೇ. ರಾಜ ನಿಜವೆಂಬ ಕಾರಣಕ್ಕೆ ಕಥೆಯೂ ನಿಜವಾಗುವುದಾದರೆ, ತೆನಾಲಿ ರಾಮನ ಕಥೆಗಳೆಲ್ಲ ಕೃಷ್ಣದೇವರಾಯನ ಆಸ್ಥಾನದ ದಾಖಲೆಗಳಾಗಬೇಕಾಗುತ್ತದೆ. ಇದೇ ಗ್ರಂಥದಲ್ಲಿ ಕಾಡುಕತ್ತೆಯೊಂದು ಉಪದೇಶವನ್ನೂ ಮಾಡುತ್ತದೆ.

ಇನ್ನೊಂದು ಸಂಗತಿಯನ್ನು ನಾಣ್ಯ ತೋರಿಸುವವರು ಗಮನಿಸುವುದೇ ಇಲ್ಲ. ಗೊಂಡೋಫರ್ನೀಸ್ ಆಳಿದ್ದು ತಕ್ಷಶಿಲೆಯ ಕಡೆಯ ವಾಯವ್ಯ ಪ್ರದೇಶವನ್ನು. ಆ ನಾಣ್ಯ ಸಂತರನ್ನು ಮಲಬಾರಿನಿಂದ ದೂರಕ್ಕೇ ಎಳೆಯುತ್ತದೆ. ಗ್ರಂಥದಲ್ಲಿ ಕೇರಳವೂ ಇಲ್ಲ, ಮೈಲಾಪುರವೂ ಇಲ್ಲ. ಅವರನ್ನು ಕೊಲ್ಲಿಸುವ ರಾಜನ ಹೆಸರು ಮಜ್ದಾಯ್, ಅದು ತಮಿಳುನಾಡಿನ ಹೆಸರಂತೂ ಅಲ್ಲ. ಧರ್ಮಪ್ರಚಾರಕ್ಕೆ ತೋಮಸರ ಪಾಲಿಗೆ ಬಂದದ್ದು ಪಾರ್ಥಿಯಾ (ಇರಾನಿನ ಕಡೆಯ ಹಳೆಯ ಸಾಮ್ರಾಜ್ಯ) ಎಂದು ಮೂರನೆಯ ಶತಮಾನದ ಕ್ರೈಸ್ತ ಪಂಡಿತ ಒರಿಜೆನ್ ಹೇಳಿದ್ದನೆಂದು ಚರ್ಚಿನ ಇತಿಹಾಸಕಾರ ಯೂಸೇಬಿಯಸ್ ದಾಖಲಿಸಿದ್ದಾನೆ.

ಕೇರಳಕ್ಕೆ ಬರುವುದು ಅಸಾಧ್ಯವಿತ್ತೇ? ಖಂಡಿತ ಇಲ್ಲ. ಮೊದಲ ಶತಮಾನದಲ್ಲಿ ಮುಂಗಾರು ಗಾಳಿ ಹಿಡಿದು ಮೆಣಸಿಗಾಗಿ ಕೇರಳದ ಮುಜಿರಿಸ್ ಬಂದರಿಗೆ ಹಡಗುಗಳು ಬರುತ್ತಲೇ ಇದ್ದವು. ಆದರೆ ಬರಬಹುದಿತ್ತು ಎಂಬುದು ಬಂದಿದ್ದರು ಎಂಬುದಕ್ಕೆ ಪುರಾವೆಯಲ್ಲ. ಮಲಬಾರಿನಲ್ಲಿ ಕ್ರೈಸ್ತರಿದ್ದಾರೆಂದು ಗ್ರೀಕ್ ಲೇಖಕ ಕಾಸ್ಮಾಸ್ ಬರೆದದ್ದು 6ನೆಯ ಶತಮಾನದಲ್ಲಿ. ಕೊಲ್ಲಂನ ಚರ್ಚಿಗೆ ಕೊಟ್ಟ ದಾನಪತ್ರವಾದ ತರಿಸಾಪಳ್ಳಿ ತಾಮ್ರಪಟ ಕ್ರಿ.ಶ. 849ರದು; ಅದರ ಸಾಕ್ಷಿಗಳು ಪಹ್ಲವಿ (ಹಳೆಯ ಪರ್ಷಿಯನ್), ಕೂಫಿ (ಅರೇಬಿಕ್), ಹೀಬ್ರೂ ಲಿಪಿಗಳಲ್ಲಿ ಸಹಿ ಹಾಕಿದ್ದಾರೆ, ಪಶ್ಚಿಮ ಏಷ್ಯಾದ ಇಡೀ ವರ್ತಕ ಲೋಕವೇ ಆ ಲೋಹದ ಮೇಲೆ ಕುಳಿತಂತಿದೆ, ಆದರೆ ತೋಮಸರ ಹೆಸರಿಲ್ಲ.

ಹಾಗೆಂದು ಎಲ್ಲವೂ ಪೋರ್ಚುಗೀಸರ ಕಟ್ಟುಕಥೆ ಎನ್ನುವವರ ಮಾತಿಗೂ ನಾನು ತಲೆಯಾಡಿಸುವುದಿಲ್ಲ. ಅವರು ಬರುವುದಕ್ಕೆ ಇನ್ನೂರು ವರ್ಷ ಮೊದಲೇ ಮಾರ್ಕೊ ಪೋಲೊ ಮೈಲಾಪುರದ ಕಡೆಯ ತೋಮಸರ ಸಮಾಧಿಯ ಬಗ್ಗೆ ಬರೆದಿದ್ದಾನೆ. ವಾಯವ್ಯ ಭಾರತದವರೆಗೆ ತೋಮಸರು ಬಂದಿರಬಹುದು. ಕೇರಳದ ಮಟ್ಟಿಗೆ ಸಾಬೀತಾಗಿಲ್ಲ, ಸುಳ್ಳೆಂದೂ ಸಿದ್ಧವಾಗಿಲ್ಲ. ಅಲ್ಲಿನ ಸಮುದಾಯದ ಪ್ರಾಚೀನತೆ ಇದರಿಂದ ಕುಂದುವುದೂ ಇಲ್ಲ.

ಪ್ರಶ್ನೆ: ಹಾಗಾದರೆ ಅವರ ಅಸ್ಥಿ ಎಲ್ಲಿದೆ?

ಉತ್ತರ: ನಾಲ್ಕನೆಯ ಶತಮಾನದಲ್ಲಿ ಎಡೆಸ್ಸಾದಲ್ಲಿತ್ತೆಂದು ಸಿರಿಯಾಕ್ ಕವಿ ಎಫ್ರೇಮ್ ಹಾಡಿದ್ದಾನೆ, 1258ರಿಂದ ಇಟಲಿಯ ಓರ್ತೋನಾದಲ್ಲಿದೆಯೆಂದು ಅಲ್ಲಿನವರ ನಂಬಿಕೆ, 1523ರಲ್ಲಿ ಪೋರ್ಚುಗೀಸರು ಮೈಲಾಪುರದಲ್ಲಿ ಅಗೆದಾಗ ಅಲ್ಲೂ ಮೂಳೆಗಳು ಸಿಕ್ಕವು. ಲೆಕ್ಕ ನೀವೇ ಹಾಕಿಕೊಳ್ಳಿ.

ಪ್ರಶ್ನೆ: ಉಡುಪಿ ಬಳಿಯ ಕಲ್ಯಾಣಪುರಕ್ಕೂ ಬಂದಿದ್ದರಂತೆ?

ಉತ್ತರ: ಕಾಸ್ಮಾಸ್ ಹೇಳಿದ ‘ಕಲ್ಲಿಯಾನ’ ಇದೇ ಎಂದು ಕೆಲವರು, ಮುಂಬೈ ಬಳಿಯ ಕಲ್ಯಾಣ ಎಂದು ಇನ್ನು ಕೆಲವರು ಹೇಳುತ್ತಾರೆ. ಅವನು ಹೇಳಿದ್ದು ಪರ್ಷಿಯಾದಿಂದ ಬಂದ ಬಿಷಪರ ವಿಷಯ, ತೋಮಸರದಲ್ಲ.

ಪ್ರಶ್ನೆ: ಸಮಾಧಿಯ ಮಣ್ಣನ್ನು ನೀರಿನಲ್ಲಿ ಕದಡಿ ಕುಡಿದರೆ ಜ್ವರ ಬಿಡುತ್ತದೆಂದು ಒಬ್ಬರು ಪೊಟ್ಟಣ ಮಾರುತ್ತಿದ್ದಾರೆ. ಕೊಳ್ಳಬಹುದೇ?

ಉತ್ತರ: ಆ ಮಣ್ಣಿನ ನಂಬಿಕೆಯನ್ನು ಮಾರ್ಕೊ ಪೋಲೊ ಕೂಡ ಬರೆದಿದ್ದಾನೆ, ಅವನ ಕಾಲದಲ್ಲಿ ರಕ್ತಪರೀಕ್ಷೆ ಇರಲಿಲ್ಲ. ನಿಮ್ಮ ಊರಿನಲ್ಲಿದೆ, ಇವತ್ತೇ ಮಾಡಿಸಿ.