‘ಸಣ್ಣ ಗಾಯ ಅಲ್ವಾ’ ಅಂದವರ ನಡುವೆ

ಕಾಸರಗೋಡಿನ ಬದಿಯಡ್ಕ ಕಡೆಯ ಅಡಿಕೆ ಕೃಷಿಕರ ಮನೆಯ ಹೆಂಗಸು, ಐವತ್ತು ದಾಟಿದವರು. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಮಂಗಳೂರಿನಲ್ಲಿ ಹೃದಯದ ಮೈಟ್ರಲ್ ಕವಾಟದ ರಿಪೇರಿ ಆಗಿತ್ತು. ಎದೆಮೂಳೆ ಸೀಳದೆ, ಬಲಗಡೆ ಪಕ್ಕೆಲುಬುಗಳ ಸಂದಿನಿಂದ ಮಾಡಿದ್ದು. ಮನೆಗೆ ಬಂದ ಎರಡನೇ ವಾರ ಸೊಸೆ ನನ್ನ ಹತ್ತಿರ ಕರೆತಂದಳು. ಅತ್ತೆಗೆ ನಿದ್ದೆಯಿಲ್ಲ, ಮಾತಿಲ್ಲ, ಡಿಪ್ರೆಶನ್ ಇರಬೇಕು ಅಂತ ಅವಳ ಅನುಮಾನ.

ಸೊಸೆ ಹೊರಗೆ ಹೋದ ಮೇಲೆ ಅವರು ಬಾಯಿಬಿಟ್ಟರು. "ನೋಡಲು ಬಂದವರೆಲ್ಲ ಸಣ್ಣ ಗಾಯ ಅಲ್ವಾ, ಪುಣ್ಯವಂತರು ನೀವು ಅಂತಾರೆ. ಮತ್ತೆ ನೋವು ಉಂಟು ಅಂತ ಹೇಗೆ ಹೇಳುವುದು?" ಉರಿ ಇದ್ದದ್ದು ಸ್ತನದ ಕೆಳಗೆ. ನಡುನಡುವೆ ಕರೆಂಟು ಹೊಡೆದ ಹಾಗೆ. ರವಕೆ ತಾಗಿದರೂ ಆಗುತ್ತಿರಲಿಲ್ಲ. ಡಾಕ್ಟರಿಗೂ ಮಗನಿಗೂ ಹೇಳಲು ನಾಚಿಕೆ. ಮಾತಾಡುವಾಗಲೂ ಬಲಗೈ ಪಕ್ಕೆಗೆ ಒತ್ತಿಕೊಂಡು ಅರ್ಧರ್ಧ ಉಸಿರು ತೆಗೆಯುತ್ತಿದ್ದರು. ಕೆಮ್ಮು ಬಂದರೆ ನುಂಗುತ್ತಿದ್ದರು.

ಇದು ಮನಸ್ಸಿನ ಕಾಯಿಲೆಯಲ್ಲ, ನೋವನ್ನು ಒಬ್ಬರೇ ಹೊತ್ತು ಸುಸ್ತಾದದ್ದು ಅಂತ ನನಗೆ ಅನಿಸಿತು. ಸೊಸೆಯನ್ನೂ ಕೂರಿಸಿಕೊಂಡು ವಿವರಿಸಿದೆ. ಪ್ರತಿ ಪಕ್ಕೆಲುಬಿನ ಕೆಳಅಂಚಿನಲ್ಲಿ ಒಂದು ನರ ಹೋಗುತ್ತದೆ. ಉಪಕರಣ ಒಳಗೆ ಹೋಗಲು ಪಕ್ಕೆಲುಬು ಅಗಲಿಸುವಾಗ ಆ ನರಕ್ಕೆ ಪೆಟ್ಟಾಗಬಹುದು. ಚರ್ಮದ ಗಾಯ ಚಿಕ್ಕದಾದರೂ ಮೊದಲ ದಿನಗಳ ನೋವು ಚಿಕ್ಕದಾಗಬೇಕೆಂದಿಲ್ಲ.

ಮಾತ್ರೆ ವಿಷಯಕ್ಕೆ ಜಾಸ್ತಿ ಹೊತ್ತು ಬೇಕಾಯಿತು. ಪ್ಯಾರಾಸಿಟಮಾಲ್ ದಿನಕ್ಕೆ ಮೂರು ಸಲ ಅಂತ ಚೀಟಿಯಲ್ಲಿತ್ತು. ಕಿಡ್ನಿ ಹಾಳಾಗ್ತದೆ ಎಂದು ಹೆದರಿ, ತಡೆಯಲಾರದಾಗ ಮಾತ್ರ ನುಂಗುತ್ತಿದ್ದರು. "ಅಕ್ಕಾ, ನೋವು ಏರಿದ ಮೇಲೆ ಇಳಿಸುವುದು ಕಷ್ಟ. ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳಿ. ನೋವು ಕಡಿಮೆಯಾದರೆ ಉದ್ದಕ್ಕೆ ಉಸಿರು ಎಳೆಯಬಹುದು, ಕಫ ಹೊರಗೆ ಬರ್ತದೆ. ಇಲ್ಲದಿದ್ದರೆ ಶ್ವಾಸಕೋಶದಲ್ಲಿ ಕಟ್ಟಿಕೊಂಡು ನ್ಯುಮೋನಿಯಾ ಆಗಬಹುದು," ಎಂದೆ. ಕೆಮ್ಮುವಾಗ ಪಕ್ಕೆಗೆ ತಲೆದಿಂಬು ಒತ್ತಿ ಹಿಡಿಯುವುದನ್ನು ಅಲ್ಲೇ ಮಾಡಿಸಿದೆ. ರವಕೆ ಬದಲು ಸಡಿಲ ಹತ್ತಿ ಬಟ್ಟೆ ಸಾಕು.

ಗಂಡ ಮೆಡಿಕಲಿನಿಂದ ಚೀಟಿಯಿಲ್ಲದೆ ಡೈಕ್ಲೋಫೆನಾಕ್ ಅನ್ನುವ ನೋವಿನ ಮಾತ್ರೆ ತಂದಿಟ್ಟಿದ್ದರು. ಇವರು ರಕ್ತ ತೆಳುವಾಗಿಸುವ ಮಾತ್ರೆಯಲ್ಲಿದ್ದಾರೆ. ಎರಡೂ ಸೇರಿದರೆ ರಕ್ತಸ್ರಾವದ ಅಪಾಯ ಏರುತ್ತದೆ. ಅದನ್ನು ಮುಟ್ಟಲೇಬೇಡಿ ಎಂದೆ. ಗಾಯದ ಮೇಲೆ ಮುರಿವೆಣ್ಣೆ ಅನ್ನುವ ಆಯುರ್ವೇದದ ಎಣ್ಣೆಯೂ ಬೇಡ. ಜ್ವರ, ಗಾಯದಲ್ಲಿ ಕೀವು, ಏದುಸಿರು, ಎದೆಬಡಿತದಲ್ಲಿ ಏರುಪೇರು ಕಂಡರೆ ಕಾಯದೆ ಆಸ್ಪತ್ರೆಗೆ ಹೋಗಬೇಕು.

ನಾಚಿಕೆಗೆ ಒಂದು ದಾರಿ ಹುಡುಕಿದೆವು. ನೋವು ಎಲ್ಲಿ, ಹೇಗೆ ಅಂತ ಕಾಗದದಲ್ಲಿ ಬರೆದು ಸೊಸೆಯ ಕೈಯಲ್ಲಿ ಡಾಕ್ಟರಿಗೆ ಕೊಡುವುದು. ಡಾಕ್ಟರು ನೋಡಿ ನರನೋವಿಗೆ ಬೇರೆ ಮಾತ್ರೆ ಶುರು ಮಾಡಿದರು. ಮುಂದಿನ ಭೇಟಿಯ ಹೊತ್ತಿಗೆ ನಿದ್ದೆ ಬರುತ್ತಿತ್ತು. ಗಾಯದ ಸುತ್ತ ಮರಗಟ್ಟಿದ್ದು ಮಾತ್ರ ಇನ್ನೂ ಇತ್ತು. ಅದು ಹೋಗಲು ತಿಂಗಳುಗಳೇ ಬೇಕಾಗಬಹುದು, ಮೂರು ತಿಂಗಳಾದರೂ ನೋವು ಉಳಿದರೆ ಮತ್ತೆ ಹೇಳಬೇಕು ಅಂತ ತಿಳಿಸಿದೆ. "ಈಗ ಹೇಳ್ತೇನೆ," ಅಂದರು.